ಪಂಚಮಿ ಮರುದಿನ ಎಸ್ ಡ್ರೈವ್ ಕಾಣೆ

ಜುಲೈ 30, 2025, ಬುಧವಾರ
ಹುಬ್ಬಳ್ಳಿ

"ಸರ, ನನ್ನ ಹೆಸರು ತಗದಾರೇನ್ರಿ?"

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಅಕೌಂಟ್ಸ್ ಅಕ್ಕಾರು ಮುಂಜಾನೆ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಪಂಚಮಿ ಮುಗಿಸಿ ಉಂಡಿ ಡಬ್ಬಿ ಹಿಡಿದುಕೊಂಡೇ ಬಂದಿದ್ದರು. ಕಂಪ್ಯೂಟರ್ ಚಾಲೂ ಮಾಡಿದರೆ ಎಸ್ ಡ್ರೈವ್, ಅಂದರೆ ಸರ್ವರ್ ಮೇಲಿನ ಅಕೌಂಟ್ಸ್‌ನವರ ಫೋಲ್ಡರ್, ಇಲ್ಲ. ಪಗಾರದ ಹಾಳೆ, ಪಿಎಫ್ ಲೆಕ್ಕ ಎಲ್ಲಾ ಅದರಾಗೇ. ತಿಂಗಳ ಕೊನೆ ಬೇರೆ. ಆಜುಬಾಜು ಕೂತವರಿಗೆಲ್ಲ ಡ್ರೈವ್ ಕಾಣುತ್ತಿದೆ, ಇವರೊಬ್ಬರಿಗೆ ಇಲ್ಲ. ಮುಂದಿನ ವರ್ಷ ರಿಟೈರ್ ಆಗುವವರು. ಮಂದಿ ಕಡಿಮೆ ಮಾಡ್ತಾರಂತೆ ಅನ್ನುವ ಸುದ್ದಿ ಆಫೀಸಿನಲ್ಲಿ ಓಡಾಡುತ್ತಿರುವಾಗ ಅವರಿಗೆ ಬೇರೆ ಏನು ಹೊಳೆಯಬೇಕು?

"ಹಂಗೇನಿಲ್ರಿ ಅಕ್ಕಾರ, ನೋಡ್ತೀನಿ ತಡೀರಿ."

"ತಗದಿದ್ರ ನೀವ ಹೇಳಿಬಿಡ್ರಿ. ಬ್ಯಾರೆಯವ್ರ ಬಾಯಿಲೆ ಕೇಳೂದು ಬ್ಯಾಡ."

ಯಾರಿಗೆ ಯಾವ ಪಾಲಿಸಿ, ಅಂದರೆ ಸರ್ವರ್ ಕಳಿಸುವ ಸೆಟ್ಟಿಂಗ್, ತಗುಲಿದೆ ಅಂತ ತೋರಿಸುವ ಜಿಪಿರಿಸಲ್ಟ್ ಕಮಾಂಡ್ ಓಡಿಸಿದೆ. ಡ್ರೈವ್ ಜೋಡಿಸುವ ಪಾಲಿಸಿಯ ಕೆಳಗೆ ಬಂದದ್ದು: ನಾಟ್ ಅಪ್ಲೈಡ್, ಅನ್‌ನೋನ್ ರೀಸನ್. ತಗುಲಿಲ್ಲ, ಕಾರಣ ಗೊತ್ತಿಲ್ಲ. ಅವರು ನನ್ನ ಹಿಂದೆಯೇ ನಿಂತು ಅದನ್ನು ಓದಿದರು. ಕಾರಣ ಗೊತ್ತಿಲ್ಲ ಅಂತ ಮಷಿನ್ನೇ ಹೇಳಿದರೆ ಅಂಜಿದ ಮನುಷ್ಯರಿಗೆ ಅದಕ್ಕಿಂತ ಕೆಟ್ಟ ಉತ್ತರ ಇಲ್ಲ.

ಸರ್ವರ್ ಮೇಲೆ ಹೋಗಿ ನೋಡಿದರೆ ಆ ಪಾಲಿಸಿ ಯಾರಿಗೆ ಅಂತ ಹೇಳುವ ಸೆಕ್ಯುರಿಟಿ ಫಿಲ್ಟರಿಂಗ್ ಪಟ್ಟಿಯಲ್ಲಿ ಅಥೆಂಟಿಕೇಟೆಡ್ ಯೂಸರ್ಸ್, ಅಂದರೆ ಲಾಗಿನ್ ಆದವರೆಲ್ಲ ಸೇರುವ ಗುಂಪು, ಮಾಯ, ಅಕೌಂಟ್ಸ್ ಗ್ರೂಪ್ ಒಂದೇ ಉಳಿದಿದೆ. ರಜೆಯ ದಿನ ಹೊರಗಿನ ಕಾಂಟ್ರಾಕ್ಟಿನವರು ಸೆಕ್ಯುರಿಟಿ ಬಿಗಿ ಮಾಡಿ ಹೋಗಿದ್ದರು. ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ: ಅಕೌಂಟ್ಸ್‌ನವರ ಪಾಲಿಸಿ, ಅವರಿಗಷ್ಟೇ ಇರಲಿ. ಆದರೆ 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎಂಎಸ್16-072 ಅಪ್‌ಡೇಟ್ ಬಿಟ್ಟಾಗಿನಿಂದ ಲೆಕ್ಕವೇ ಬೇರೆ. ಸರ್ವರ್‌ಗೂ ಕಂಪ್ಯೂಟರ್‌ಗೂ ನಡುವೆ ಯಾರೋ ನಿಂತು ಪಾಲಿಸಿ ತಿದ್ದಬಾರದು ಅಂತ, ಬಳಕೆದಾರರ ಪಾಲಿಸಿಯನ್ನೂ ಈಗ ಕಂಪ್ಯೂಟರಿನ ಅಕೌಂಟೇ ಹೋಗಿ ತರುತ್ತದೆ. ಮನುಷ್ಯರಿಗೆ ಪರ್ಮಿಶನ್ ಇದ್ದರೆ ಸಾಲದು, ಅವರು ಕೂತ ಮಷಿನ್ನಿಗೂ ಅದನ್ನು ಓದುವ ಪರ್ಮಿಶನ್ ಬೇಕು. ಅಥೆಂಟಿಕೇಟೆಡ್ ಯೂಸರ್ಸ್ ಅಂದರೆ ಅದರಲ್ಲಿ ಕಂಪ್ಯೂಟರುಗಳೂ ಬರುತ್ತವೆ. ಅದನ್ನು ತೆಗೆದ ಮೇಲೆ ಮಷಿನ್ ಬಾಗಿಲಲ್ಲೇ ನಿಂತಿತು.

ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗ ಕುರ್ಚಿ ಎಳೆದುಕೊಂಡು ಬಂದ. "ಸರ, ಸಿಸ್‌ವಾಲ್ ಫೋಲ್ಡರಿಗೆ ಎವರಿವನ್ ಫುಲ್ ಕಂಟ್ರೋಲ್ ಕೊಟ್ಟ ಒಗದ್ರ ಮುಗೀತಲ್ರಿ."

ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಇದನ್ನು ಅವನಿಗೆ ಕಲಿಸಿದವರ ಮೇಲೆ. ಸಿಸ್‌ವಾಲ್ ಅಂದರೆ ಎಲ್ಲಾ ಮಷಿನ್‌ಗಳೂ ಓದುವ ಸರ್ವರ್ ಫೋಲ್ಡರ್. ಅದರಲ್ಲಿ ಪಾಲಿಸಿಗಳೂ ಇವೆ, ಲಾಗಿನ್ ಆಗುವಾಗ ತಾನೇ ಓಡುವ ಸ್ಕ್ರಿಪ್ಟ್‌ಗಳೂ ಇವೆ. ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟರೆ ಯಾರೋ ಒಬ್ಬ ಒಂದು ಸಾಲು ಸೇರಿಸಿದ್ದು ನಾಳೆ ಮುಂಜಾನೆ ಆಫೀಸಿನ ಪ್ರತಿ ಮಷಿನ್ ಮೇಲೆ ಓಡುತ್ತದೆ. ಅಲ್ಲದೆ ಪಾಲಿಸಿಯ ಅರ್ಧ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಬಳಕೆದಾರರು, ಕಂಪ್ಯೂಟರುಗಳ ಪಟ್ಟಿ ಇರುವ ಡೇಟಾಬೇಸಿನಲ್ಲಿ, ಇನ್ನರ್ಧ ಸಿಸ್‌ವಾಲ್‌ನಲ್ಲಿ. ಫೋಲ್ಡರ್ ಕಡೆ ಮಾತ್ರ ಕೈ ಹಾಕಿದರೆ ಎರಡರ ಪರ್ಮಿಶನ್ ತಾಳೆಯಾಗುವುದಿಲ್ಲ, ಪಾಲಿಸಿ ನಿರ್ವಹಿಸುವ ಕನ್ಸೋಲ್ ಮತ್ತೊಂದು ಎರರ್ ತೋರಿಸುತ್ತದೆ. ಅವನನ್ನೇ ಕೂರಿಸಿ ಮಾಡಿಸಿದೆ. ಪರ್ಮಿಶನ್ ಕೊಡುವ ಡೆಲಿಗೇಶನ್ ಟ್ಯಾಬ್, ಆಫೀಸಿನ ಮಷಿನ್‌ಗಳೆಲ್ಲ ಇರುವ ಡೊಮೈನ್ ಕಂಪ್ಯೂಟರ್ಸ್ ಗುಂಪು, ರೀಡ್. ರೀಡ್ ಅಷ್ಟೇ, ಅಪ್ಲೈ ಬೇಡ. ಅಕ್ಕಾರು ಲಾಗ್ ಆಫ್ ಆಗಿ ಮತ್ತೆ ಒಳಗೆ ಬಂದರು. ಎಸ್ ಡ್ರೈವ್ ಬಂತು.

ಆದರೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. "ನನಗೊಬ್ಬಾಕಿಗೇ ಯಾಕ ಹೋತ್ರಿ ಮತ್ತ?"

ಅದನ್ನು ನಾನೂ ಯೋಚಿಸುತ್ತಿದ್ದೆ. ಪಾಲಿಸಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 30 ನಿಮಿಷದವರೆಗೆ ತಡವಾಗಿ, ತಾನಾಗಿಯೇ ಹೊಸದಾಗುತ್ತದೆ. ಆದರೆ ಡ್ರೈವ್ ಜೋಡಣೆ ನಡೆಯುವುದು ಲಾಗಿನ್ ಆಗುವಾಗ. ಉಳಿದವರು ಹಬ್ಬಕ್ಕೆ ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ ಹೋಗಿದ್ದರು, ಹಳೆ ಡ್ರೈವ್ ಹಾಗೇ ಉಳಿದಿತ್ತು. ದಿನಾ ಸಂಜೆ ತಪ್ಪದೆ ಕಂಪ್ಯೂಟರ್ ಬಂದ್ ಮಾಡಿ, ಸ್ವಿಚ್ಚನ್ನೂ ಆರಿಸಿ ಹೋಗುವವರು ಇವರೊಬ್ಬರೇ. ಪೆಟ್ಟು ಮೊದಲು ಇವರಿಗೇ ಬಿತ್ತು.

"ಅಂದ್ರ ನನಗ ಪರವಾನಗಿ ಇತ್ತು?"

"ಇತ್ರಿ. ನಿಮಗಿತ್ತು, ನಿಮ್ಮ ಮಷಿನ್ನಿಗೆ ಇರಲಿಲ್ಲ."

ಅಕೌಂಟ್ಸ್ ಗ್ರೂಪ್ ತೆರೆದು ಹೆಸರಿನ ಪಟ್ಟಿ ತೋರಿಸಿದೆ. ಚಷ್ಮಾ ಹಣೆ ಮೇಲೆ ಏರಿಸಿ, ಸ್ಕ್ರೀನಿಗೆ ಬೆರಳು ಹಚ್ಚಿ ತಮ್ಮ ಹೆಸರು ಹುಡುಕಿದರು. ಸಿಕ್ಕಮೇಲೂ ಬೆರಳು ತೆಗೆಯಲಿಲ್ಲ. ಆಮೇಲೆ ಕೇಳಿದರು, "ಹಂಗಾರ ಇನ್ನ ಬಂದ್ ಮಾಡೂದು ಬಿಡಲೇನ್ರಿ?"

ಬ್ಯಾಡ್ರಿ, ನೀವು ಮಾಡೂದ ಸರಿ ಐತಿ ಅಂದೆ. ಅಂದೆ ಖರೆ, ಆದರೆ ನಿಯಮ ಪಾಲಿಸಿದವರೇ ಅರ್ಧ ದಿನ ನೌಕರಿ ಹೋಯಿತೆಂದು ಅಂಜಿ ಕೂತಿದ್ದರಲ್ಲ, ಅದಕ್ಕೆ ಯಾರು ಸಮಾಧಾನ ಹೇಳಬೇಕು? ಬದಲಾವಣೆ ಮಾಡುವವರು ಅಕೌಂಟ್ಸ್‌ನಲ್ಲಿ ಒಬ್ಬರನ್ನಾದರೂ ಲಾಗ್ ಆಫ್ ಮಾಡಿಸಿ ನೋಡಿದ್ದರೆ ಸಾಕಿತ್ತು. ಅಥೆಂಟಿಕೇಟೆಡ್ ಯೂಸರ್ಸ್ ತೆಗೆಯಲು ಹೋದರೆ ಈಗಿನ ಕನ್ಸೋಲ್ ತಾನೇ ಎಚ್ಚರಿಕೆ ಕೊಡುತ್ತದೆ. ಓದದೆ ಓಕೆ ಒತ್ತಿರಬೇಕು. ನಾಳೆ ಲಿಖಿತದಲ್ಲೇ ಕೇಳುತ್ತೇನೆ.

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ ಉಣಕಲ್ ದಾಟುತ್ತಿದ್ದಂತೆ ಮಳೆ ಜೋರಾಯಿತು. ಸುಸ್ತಾಗಿತ್ತು, ಕಣ್ಣು ಎಳೆಯುತ್ತಿತ್ತು. ನವಲೂರು ಹತ್ತಿರ ಒಮ್ಮೆಲೇ ನೆನಪಾಯಿತು: ಪ್ರಿಂಟರ್ ಪಾಲಿಸಿಗೂ ಕಾಂಟ್ರಾಕ್ಟಿನವರು ಇದನ್ನೇ ಮಾಡಿರಬಹುದು, ಗೋಡೌನ್ ಪಾಲಿಸಿಗೂ. ಗದಗ ಶಾಖೆಯವರು ಹಬ್ಬಕ್ಕೆ ಜೋಡಿ ರಜೆ ಹಾಕಿದ್ದಾರೆ, ನಾಳೆ ಒಂಬತ್ತೂವರೆಗೆ ಬಂದು ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಾರೆ. ಅಲ್ಲಿಯೂ ಒಬ್ಬರು ಇದ್ದಾರೆ, ಏನೇ ಆದರೂ ಮೊದಲು ತನ್ನದೇ ತಪ್ಪು ಅನ್ನುವವರು. ಅವರಿಗೆ ಈಗಲೇ ಫೋನ್ ಮಾಡಲೋ, ಇಲ್ಲಾ ಮನೆಯಿಂದಲೇ ಸರ್ವರ್‌ಗೆ ಹೋಗಿ ಒಂದೊಂದೇ ಡೆಲಿಗೇಶನ್ ತೆರೆದು ನೋಡಲೋ?