ರಾಜೀನಾಮೆ ಅಂಗೀಕಾರವಾಗುವವರೆಗೆ

ಸಂಜೆ ಆರು ದಾಟಿತ್ತು. ಆಪ್ತ ಕಾರ್ಯದರ್ಶಿಯವರು ನನ್ನ ಮೇಜಿನ ಮೇಲೆ ಪೆನ್‌ಡ್ರೈವ್ ಇಟ್ಟರು. "ವಿಧವಾ ವೇತನದ ಫಲಾನುಭವಿಗಳ ಪಟ್ಟಿ ಇದಕ್ಕೆ ಹಾಕ್ಕೊಡಿ. ಬೂತ್‌ವಾರು ವಿಂಗಡಿಸಿದ್ರೆ ಇನ್ನೂ ಒಳ್ಳೇದು. ಪಾರ್ಟಿ ಆಫೀಸಿನವ್ರು ಕಾಯ್ತಿದಾರೆ."

ನಾನಾಗ ಸಚಿವರೊಬ್ಬರ ಸಲಹೆಗಾರ. ಪರೀಕ್ಷೆ ಬರೆದು ಬಂದವನಲ್ಲ, ಸಚಿವರೇ ಕರೆತಂದವನು. ಸಂಬಳ ಮಾತ್ರ ಸರ್ಕಾರದ ಖಜಾನೆಯಿಂದ. ವಿರೋಧ ಪಕ್ಷ ಎಲ್ಲಿ ಹಿಡಿಯುತ್ತದೆ, ಸದನದಲ್ಲಿ ಹೇಗೆ ಉತ್ತರಿಸಬೇಕು, ಇದೇ ನನ್ನ ಕೆಲಸ. ಖಾಯಂ ಅಧಿಕಾರಿಯ ಬಾಯಲ್ಲಿ ಇಂಥ ಸಲಹೆ ಬರಬಾರದು, ಹಾಗಾಗಿ ಈ ಹುದ್ದೆ ಬೇಕು ಎಂದೇ ನಾನು ಇವತ್ತಿಗೂ ನಂಬುತ್ತೇನೆ. ಬ್ರಿಟನ್‌ನಲ್ಲೂ ವಿಶೇಷ ಸಲಹೆಗಾರರಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಆದರೆ ಸಾರ್ವತ್ರಿಕ ಚುನಾವಣೆಯ ಪ್ರಚಾರಕ್ಕೆ ಇಳಿಯಬೇಕಾದರೆ ಅವರು ಮೊದಲು ರಾಜೀನಾಮೆ ಕೊಡಬೇಕು.

ಕಂಪ್ಯೂಟರಿನಲ್ಲಿ ಪಟ್ಟಿ ತೆರೆದೆ. ಹೆಸರು, ವಯಸ್ಸು, ಫೋನ್ ನಂಬರು, ಕೊನೆಗೆ ಷರಾ. ಒಂದು ಹೆಸರಿನ ಮುಂದೆ ಯಾರೋ ಗುಮಾಸ್ತರು ಟೈಪಿಸಿದ್ದರು: "ಫೋನ್ ಪಕ್ಕದ ಮನೆಯವರದು, ಸಂಜೆ ಮಾತ್ರ ಸಿಗುತ್ತಾರೆ." ಆ ಹೆಂಗಸು ಪಿಂಚಣಿ ತಪ್ಪದಿರಲಿ ಎಂದು ನೆರೆಮನೆಯ ನಂಬರು ಬೇಡಿ ಬರೆಸಿದ್ದಳು. ಇನ್ನು ಅದೇ ನಂಬರಿಗೆ ವೋಟು ಕೇಳುವ ಕರೆ ಹೋಗುತ್ತಿತ್ತು. ಪಿಂಚಣಿಗೂ ವೋಟಿಗೂ ಗಂಟು ಹಾಕಿದ್ದಾರೆಂದು ಅವಳು ಹೆದರಿದರೆ ತಪ್ಪು ಅವಳದಾಗುತ್ತಿತ್ತೇ?

ಪೆನ್‌ಡ್ರೈವ್ ವಾಪಸ್ ಕೊಟ್ಟೆ. "ಇಷ್ಟು ದಿನ ಭಾಷಣ ಬರ್ಕೊಟ್ರಲ್ಲ, ಆಗ ಇಲ್ಲದ್ದು ಈಗೇನು?" ಎಂದು ಅವರು ಕೇಳಿದರು. ನಿಜ. ಪಕ್ಷದ ಸಮಾವೇಶಗಳ ಭಾಷಣಗಳನ್ನು ಎರಡು ವರ್ಷ ಅದೇ ಮೇಜಿನಲ್ಲಿ, ಕಚೇರಿ ವೇಳೆಯಲ್ಲೇ ಬರೆದಿದ್ದೆ. ಅದೂ ತಪ್ಪೇ. ಸರ್ಕಾರದ ಸಾಧನೆ ವಿವರಿಸುವುದು ಎಲ್ಲಿ ಮುಗಿಯುತ್ತದೆ, ಪಕ್ಷಕ್ಕೆ ಮತ ಕೇಳುವುದು ಎಲ್ಲಿ ಶುರುವಾಗುತ್ತದೆ ಎಂದು ಆಗ ನಾನು ನೋಡಲೇ ಇಲ್ಲ.

ಅವತ್ತೇ ರಾತ್ರಿ ರಾಜೀನಾಮೆ ಬರೆದೆ. ಪಕ್ಷ ಬಿಡುವುದಕ್ಕಲ್ಲ, ಪಕ್ಷಕ್ಕಾಗಿ ನನ್ನ ಖರ್ಚಿನಲ್ಲಿ ದುಡಿಯುವುದಕ್ಕೆ. ಮರುದಿನವೇ ಪ್ರಚಾರಕ್ಕೆ ಬನ್ನಿ ಎಂದು ಸ್ನೇಹಿತರು ಒತ್ತಾಯಿಸಿದರು. ಯಶಪಾಲ್ ಕಪೂರ್ ಪ್ರಕರಣ ಓದಿದ್ದ ನಾನು ಒಪ್ಪಲಿಲ್ಲ. ಪ್ರಧಾನಿ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿಯಾಗಿದ್ದ ಅವರು 1971ರ ಚುನಾವಣೆಗೆ ಮುನ್ನ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಪರ ಕೆಲಸ ಮಾಡಿದ್ದರು. ರಾಜೀನಾಮೆ ಪತ್ರದಲ್ಲಿ ಜನವರಿ 13ರ ದಿನಾಂಕವಿತ್ತು. ಅವರು 25ರವರೆಗೂ ಸರ್ಕಾರಿ ನೌಕರರೇ ಆಗಿದ್ದರು ಎಂದಿತು ಅಲಹಾಬಾದ್ ಹೈಕೋರ್ಟ್. 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಆ ಆಯ್ಕೆಯನ್ನೇ ರದ್ದು ಮಾಡಿದ್ದಕ್ಕೆ ಇದೂ ಒಂದು ಕಾರಣ. ಆಮೇಲೆ ಕಾನೂನು ತಿದ್ದುಪಡಿಯಾಗಿ ಸುಪ್ರೀಂ ಕೋರ್ಟಿನಲ್ಲಿ ಆಯ್ಕೆ ಉಳಿಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಆ ಹನ್ನೆರಡು ದಿನ.

ನನ್ನ ಅಂಗೀಕಾರ ಪತ್ರ ಬರಲು ಒಂಬತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ಒಂದು ಕರಪತ್ರವನ್ನೂ ಮುಟ್ಟಲಿಲ್ಲ. ಹತ್ತನೆಯ ದಿನ ನನ್ನದೇ ಲ್ಯಾಪ್‌ಟಾಪ್ ಹಿಡಿದು ಪಾರ್ಟಿ ಆಫೀಸಿಗೆ ಹೋದೆ. ಕರೆ ಮಾಡುತ್ತಿದ್ದ ಹುಡುಗನ ಮುಂದೆ ಮುದ್ರಿಸಿದ ಹಾಳೆಗಳಿದ್ದವು. ಮೂರನೆಯ ಪುಟದಲ್ಲಿ ಕಣ್ಣಿಗೆ ಬಿತ್ತು: "ಫೋನ್ ಪಕ್ಕದ ಮನೆಯವರದು, ಸಂಜೆ ಮಾತ್ರ ಸಿಗುತ್ತಾರೆ."

ಬ್ಯಾಗು ಕೆಳಗಿಟ್ಟು, ಇದನ್ನು ಇಲ್ಲಿಗೆ ತಂದವರು ಯಾರು ಎಂದು ಕೇಳಿದೆ.