ಹಾಲೆರೆಯುವ ಮುಂಚಿನ ರೊಟ್ಟಿ

ಶ್ರಾವಣ ಶುದ್ಧ ತದಿಗೆಯಂದು ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಸೀಮೆಯ ಯಾವ ಓಣಿಗೆ ಹೋದರೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಮರುದಿನ ನಾಗಚೌತಿ, ಅದರ ಮರುದಿನ ಪಂಚಮಿ. ನಾಗಪ್ಪನಿಗೆ ಹಾಲೆರೆಯುವುದಕ್ಕೆ ಮುಂಚೆ ಬರುವ ಈ ದಿನವನ್ನು ರೊಟ್ಟಿ ಪಂಚಮಿ ಅನ್ನುತ್ತಾರೆ, ಕೆಲವರು ರೊಟ್ಟಿ ಹಬ್ಬ ಅನ್ನುತ್ತಾರೆ. ಈ ರೊಟ್ಟಿಗೆಂದು ಬೇರೆ ದೇವರಿಲ್ಲ, ಮಂತ್ರವಿಲ್ಲ, ಪೂಜಾರಿಯ ಹಂಗಿಲ್ಲ. ಐದು ರೊಟ್ಟಿಯ ಮೇಲೆ ನಾಲ್ಕು ನಮೂನೆಯ ಪಲ್ಯ, ಹಿಂಡಿ (ಕುಟ್ಟಿದ ಚಟ್ನಿಪುಡಿ) ಇಟ್ಟು ಬೇಕಾದವರ ಮನೆಗೆ ಮುಟ್ಟಿಸಿದರೆ ಆಚರಣೆ ಮುಗಿಯಿತು. ಅವರ ಮನೆಯಿಂದಲೂ ಅಷ್ಟೇ ಬರುತ್ತದೆ. ಕೊಡುವ ಕೊಳ್ಳುವ ಮನೆಗಳ ಪಟ್ಟಿಯಲ್ಲಿ ಜಾತಿ, ಮತ ಕೇಳುವವರು ಕಡಿಮೆ.

ಚೌತಿಯ ದಿನ ಕಲ್ಲ ನಾಗರದ ಮೇಲೋ ಹುತ್ತದ ಮಣ್ಣಿನಲ್ಲಿ ಮಾಡಿದ ನಾಗಪ್ಪನ ಮೇಲೋ ಹಾಲು ಬಿಡುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣ ತಮ್ಮಂದಿರ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಎರೆಯುತ್ತಾರೆ. ಮನೆಯಲ್ಲಿರುವವರು, ಪರಊರಲ್ಲಿರುವವರು, ಯಾರನ್ನೂ ಬಿಡುವಂತಿಲ್ಲ. ಹನಿ ಹಾಲಿನಲ್ಲಿ ನಡೆಯುವ ಈ ಹಂಚಿಕೆ ಹಿಂದಿನ ದಿನವೇ ರೊಟ್ಟಿಯಲ್ಲಿ ನಡೆದಿರುತ್ತದೆ, ಹೊಟ್ಟೆ ತುಂಬುವಷ್ಟು. ಆದ್ದರಿಂದ ತದಿಗೆಯ ಅಡುಗೆಯನ್ನು ಹಬ್ಬದ ಪೂರ್ವತಯಾರಿ ಎಂದು ನೋಡುವುದು ಸರಿಯಲ್ಲ. ವ್ರತ ಶುರುವಾಗುವುದೇ ಅಲ್ಲಿಂದ. ಕಲ್ಲ ನಾಗರಕ್ಕೆ ಹಾಲು ಕೊಟ್ಟು ಉಣ್ಣುವ ಜೀವವನ್ನು ಬಾಗಿಲಿಂದ ಅಟ್ಟುವವರನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಕೇಳಿದ್ದಾರೆ. ಆ ವಚನ ಬಾಯಿಪಾಠವಿರುವ ಸೀಮೆಯಲ್ಲೇ ಉಣ್ಣುವವರ ಪಾಲನ್ನು ಮೊದಲು ಎತ್ತಿಡುವ ಹಬ್ಬವೂ ಇದೆ.

ರೊಟ್ಟಿ ಮೊದಲು ಬರುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಾಗನ ದಿನಗಳಲ್ಲಿ ಒಲೆಯ ಮೇಲೆ ಹಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು, ನೆಲ ಅಗೆಯಬಾರದು ಎಂಬುದು ಹಲವು ಮನೆಗಳ ಕಟ್ಟಳೆ. ಕಾದ ಹಂಚು ನಾಗನ ಹೆಡೆಯನ್ನು ಸುಟ್ಟಂತೆ ಎಂದು ಹಿರಿಯರು ಹೇಳುತ್ತಾರೆ. ಮಳೆಗೆ ಬಿಲದಲ್ಲಿ ನೀರು ತುಂಬಿ ಹಾವುಗಳು ಹೊರಬೀಳುವ ಕಾಲವಿದು, ಗುದ್ದಲಿ ಕೆಳಗಿಟ್ಟರೆ ಇಬ್ಬರಿಗೂ ಕ್ಷೇಮ. ಹಂಚು ಎರಡು ದಿನ ಇಳಿಯುವುದರಿಂದ ಸುಡುವುದು, ಹುರಿಯುವುದು, ಕರಿಯುವುದು ಎಲ್ಲ ತದಿಗೆಯ ರಾತ್ರಿಯೊಳಗೆ ಮುಗಿಯಬೇಕು. ಆಮೇಲೆ ಕುದಿಸಿದ್ದು, ಉಗಿಯಲ್ಲಿ ಬೆಂದದ್ದು, ಕುಟ್ಟಿದ್ದು ಮಾತ್ರ.

ಈಗ ಹಿಟ್ಟಿನ ಮಾತು. ರೊಟ್ಟಿಗೆ ಹಿಂಗಾರಿನ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ, ಎಂಬುದು ಈ ಸೀಮೆಯವರ ಹಟ. ಹಟಕ್ಕೆ ಅರ್ಥವಿದೆ, ಆ ಹಿಟ್ಟು ಸಿಹಿ, ಬಣ್ಣ ಬಿಳಿ, ಬಡಿದರೆ ಅಗಲವಾಗುತ್ತದೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಿಟ್ಟನ್ನು ಹಿಡಿದು ಕೂರಿಸುವುದು ಕುದಿನೀರಿಗೆ ಬೆಂದ ಪಿಷ್ಟ. ಅದಕ್ಕೇ ಎಸರು ಮಳ್ಳಬೇಕು, ಬರೀ ಬಿಸಿಯಾದರೆ ಸಾಲದು. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಬೀಸಿಸಿ, ನಯವಾಗಿ. ಬೀಸಿದ ಬಿಸಿಹಿಟ್ಟನ್ನು ಅರಿವೆಯ ಮೇಲೆ ಹರವಿ ಆರಿಸಿ ಆಮೇಲೆ ಡಬ್ಬಿಗೆ ತುಂಬಿ.

ಒಂದು ಕಿಲೋ ಹಿಟ್ಟಿಗೆ ತೆಳ್ಳನೆಯ, ಗರಿಗರಿಯಾದ ಖಟಕ ರೊಟ್ಟಿ 20ರಿಂದ 25, ಮೆತ್ತನೆಯವು 15ರ ಆಸುಪಾಸು. ಹತ್ತು ಮನೆಗೆ ಐದೈದರಂತೆ ಖಟಕ ರೊಟ್ಟಿ ಕೊಡುವವರು, ಮನೆಯವರ ಊಟವನ್ನೂ ಸೇರಿಸಿ, ಮೂರು ಕಿಲೋ ಹಿಟ್ಟು ಇಟ್ಟುಕೊಳ್ಳಲಿ. ಅಷ್ಟನ್ನೂ ಒಮ್ಮೆಗೇ ಕಲಸುವ ಸಾಹಸ ಬೇಡ. ಹತ್ತು ರೊಟ್ಟಿಯ ಹಿಟ್ಟನ್ನು ಪರಾತದಲ್ಲಿ ಹಾಕಿ, ನಡುವೆ ಕುಣಿ ಮಾಡಿ, ಮಳ್ಳುವ ಎಸರು ಸುರಿದು, ಮೇಲೆ ಒಣಹಿಟ್ಟು ಎಳೆದು ಐದು ನಿಮಿಷ ಬಿಡಿ. ಕಿಲೋಗೆ ಮುಕ್ಕಾಲು ಲೀಟರ್ ಎಸರು ಎಂಬ ಲೆಕ್ಕ ಸುಮಾರಾಗಿ ಸರಿ, ಉಳಿದದ್ದನ್ನು ನಾದುವಾಗ ಬೆಚ್ಚನೆ ನೀರು ಚಿಮುಕಿಸಿ ಸರಿದೂಗಿಸಬೇಕು. ಮೊದಲು ಕಟ್ಟಿಗೆಯ ಸೌಟಿನಿಂದ ಕೂಡಿಸಿ, ಕೈ ತಾಳುವಷ್ಟಾದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಉಂಡೆಯನ್ನು ಅಂಗೈಯಲ್ಲಿ ಅದುಮಿದಾಗ ಅಂಚು ಒಡೆಯದಿದ್ದರೆ ಬಡಿಯಬಹುದು. ಒಡೆದರೆ ಇನ್ನಷ್ಟು ನಾದು ಬೇಕು, ಅಥವಾ ಎಸರು ಕುದಿದಿರಲಿಲ್ಲ. ಎಸರಿನದೇ ತಪ್ಪಾಗಿದ್ದರೆ ಹಿಟ್ಟಿನ ಒಂದು ಭಾಗವನ್ನು ಮತ್ತೆ ಕುದಿನೀರಿನಲ್ಲಿ ಗೊಟಾಯಿಸಿ ಕೂಡಿಸಿದರೆ ಉಳಿದದ್ದೂ ದಾರಿಗೆ ಬರುತ್ತದೆ.

ಹಂಚಿಗೆ ಹಾಕುವಾಗ ಒಣಹಿಟ್ಟಿನ ಮೈ ಮೇಲೆ ಬರಲಿ. ಹಾಕಿದ ತಕ್ಷಣ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಬೇಕು. ಇಲ್ಲೇ ಹೊಸಬರು ಎಡವುವುದು. ತಡ ಮಾಡಿದರೆ ಮೇಲ್ಮೈ ಒಣಗಿ ಬಿರುಕು ಬಿಟ್ಟು, ಒಳಗಿನ ಉಗಿ ಆ ಬಿರುಕಿನಿಂದ ಹೊರಟುಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಸವರದೆ ಬಿಟ್ಟ ಜಾಗದಲ್ಲಿ ಹಸಿಹಿಟ್ಟು ಬಿಳಿ ಕಲೆಯಾಗಿ ಉಳಿಯುತ್ತದೆ. ಸವರಿದ ನೀರು ಆರುತ್ತಿದ್ದಂತೆ ಮಗುಚಿ. ಪೂರಾ ಒಣಗುವವರೆಗೆ ಕಾಯಬಾರದು. ಖಟಕ ಮಾಡುವುದಾದರೆ ಉಬ್ಬಿದ ಮೇಲೂ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ತೇವ ಪೂರಾ ಹೋಗಿಸಬೇಕು. ಕಟ್ಟಿಗೆ ಒಲೆಯಿದ್ದವರು ಒಲೆಯ ಬದಿಗೆ ಒರಗಿಸಿ ನಿಲ್ಲಿಸುತ್ತಾರೆ, ಗ್ಯಾಸಿನವರು ಇಳಿಸಿದ ಹಂಚಿನ ಬಿಸಿಯಲ್ಲೇ ಒಂದೊಂದಾಗಿ ಒಣಗಿಸಬಹುದು. ಬಿಸಿ ರೊಟ್ಟಿ ಒಂದರ ಮೇಲೊಂದು ಪೇರಿಸಿದರೆ ಉಗಿ ನಡುವೆ ಸಿಕ್ಕು ಎಲ್ಲವೂ ಚಕ್ಕಳವಾಗುತ್ತವೆ. ಶ್ರಾವಣದ ಗಾಳಿಯಲ್ಲೇ ತೇವವಿದೆ, ನಮ್ಮ ಕಡೆಯಿಂದ ಇನ್ನಷ್ಟು ಸೇರಿಸುವುದು ಬೇಡ. ಪೂರ್ತಿ ಆರಿದ ಮೇಲೆ ಬಿದಿರ ಬುಟ್ಟಿ, ಮೇಲೊಂದು ಒಣ ಅರಿವೆ.

ಐದರಲ್ಲಿ ಒಂದೆರಡು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದರೆ ಬುಟ್ಟಿಗೆ ಕಳೆ. ಸಜ್ಜೆಯಲ್ಲಿ ಎಣ್ಣೆ ಅಂಶ ಹೆಚ್ಚು, ಬೀಸಿದ ಮೇಲೆ ಬೇಗ ಕಮಟಿ ಕಹಿಯಾಗುತ್ತದೆ. ಜೋಳದ ಜೊತೆ ಅದನ್ನೂ ಬೀಸಿಸಿ ವಾರಗಟ್ಟಲೆ ಇಡುವಂತಿಲ್ಲ, ಹಿಂದಿನ ದಿನ ಬೀಸಿಸಿದರೆ ಒಳ್ಳೆಯದು. ಎಳ್ಳನ್ನು ನೀರು ಸವರಿದ ಮೈಗೆ ಆಗಲೇ ಉದುರಿಸಿ ಅಂಗೈಯಿಂದ ಒತ್ತಬೇಕು. ಆರಿದ ಮೇಲೆ ಉದುರಿಸಿದ ಎಳ್ಳು ಬುಟ್ಟಿಯ ತಳದಲ್ಲಿ ಸಿಗುತ್ತದೆ.

ಜೊತೆಗೆ ಹೋಗುವ ಪಲ್ಯಗಳಿಗೆ ಒಂದೇ ನಿಯಮ, ನೀರು ಜಿನುಗಬಾರದು. ರೊಟ್ಟಿಯ ಮೇಲೇ ಪಲ್ಯ ಕೂರುವುದು ರೂಢಿ, ಹೀಗಾಗಿ ರಸವಿದ್ದರೆ ಮುಟ್ಟುವ ಹೊತ್ತಿಗೆ ಕೆಳಗಿನದು ಹರಿದಿರುತ್ತದೆ. ಮಡಕಿಕಾಳು ಅಥವಾ ಹೆಸರುಕಾಳನ್ನು ಎಂಟು ತಾಸು ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಒಂದು ರಾತ್ರಿಗೆ ಮೊಳಕೆ. ಈ ಥಂಡಿಗೆ ಪೂರಾ ಒಂದು ದಿನ ಬೇಕಾದೀತು, ಅಂದರೆ ಬಿದಿಗೆಯ ಮುಂಜಾನೆಗೇ ಬಟ್ಟೆ ಕಟ್ಟಿರಬೇಕು. ಮಡಕಿ ಬೇಗ ಬೇಯುತ್ತದೆ, ಕುಕ್ಕರಿನಲ್ಲಿ ಹಾಕಿದರೆ ಮುದ್ದೆ. ಒಗ್ಗರಣೆಯಲ್ಲಿ ಹೊರಳಿಸಿ, ಕೈಯಿಂದ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಕಾಳು ಒಡೆಯುವ ಮುಂಚೆ ಇಳಿಸಿ.

ಎಣ್ಣಿಗಾಯಿಗೆ ಅರ್ಧ ಕಿಲೋ ಎಳೆಯ ಗುಂಡು ಬದನೆ. ತೊಟ್ಟು ಉಳಿಸಿ ನಾಲ್ಕು ಸೀಳು, ಸೀಳು ತೊಟ್ಟಿಗಿಂತ ಒಂದು ಬೆರಳು ಮೊದಲೇ ನಿಲ್ಲಲಿ. ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಕಪ್ಪಾಗದು, ಒಗರೂ ಇಳಿಯುತ್ತದೆ. ತುಂಬುವುದಕ್ಕೆ ಹುರಿದ ಶೇಂಗಾ ಅರ್ಧ ಬಟ್ಟಲು, ಎಳ್ಳು ಎರಡು ಚಮಚ, ಗುರೆಳ್ಳು (ಹುಚ್ಚೆಳ್ಳು) ಒಂದು ಚಮಚ, ಒಣಕೊಬ್ಬರಿ ಕಾಲು ಬಟ್ಟಲು, ಖಾರದಪುಡಿ, ಉಪ್ಪು, ಲಿಂಬೆಯಷ್ಟು ಹುಣಸೆಯ ಗಟ್ಟಿ ರಸ, ಅದರ ಅರ್ಧ ಬೆಲ್ಲ. ಮಸಾಲೆ ತರಿತರಿಯಾಗಿರಲಿ. ನುಣ್ಣಗೆ ರುಬ್ಬಿದರೆ ತಳ ಹಿಡಿಯುತ್ತದೆ. ಕೊಡುವುದಕ್ಕಾದರೆ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿ, ಮನೆಗೆ ಬೇಕಾದ ಗೊಜ್ಜಿಗೆ ಆಮೇಲೆ ನೀರು ಬೆರೆಸಿಕೊಳ್ಳಿ.

ಹಿಂಡಿಗಳಲ್ಲಿ ಶೇಂಗಾ ಹಿಂಡಿಯೇ ದೊಡ್ಡಣ್ಣ. ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಒಳಗೂ ಕೆಂಪಾಗುವಂತೆ ಹುರಿದು ಸಿಪ್ಪೆ ತೂರಿ, 12–15 ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಖಾರದಪುಡಿ, ಒಂದು ಚಿಕ್ಕ ಚಮಚ ಜೀರಿಗೆ, ಉಪ್ಪು ಹಾಕಿ ಕುಟ್ಟಬೇಕು. ಒರಳಲ್ಲಿ ಕುಟ್ಟಿದಾಗ ಎಣ್ಣೆ ಹದವಾಗಿ ಬಿಟ್ಟು ಹಿಂಡಿ ಮುಷ್ಟಿಗೆ ನಿಲ್ಲುತ್ತದೆ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ಎರಡೆರಡು ಸುತ್ತು, ಒಂದೇ ಸಮನೆ ತಿರುಗಿಸಿದರೆ ಬೆಣ್ಣೆಯಂತಾಗುತ್ತದೆ. ಗುರೆಳ್ಳಿನಲ್ಲಿ ಮರಳು ಸಾಮಾನ್ಯ, ಗಾಳಿಸಿ ಒಣಗಿಸದೆ ಹುರಿಯಬೇಡಿ. ಅದರ ಬಣ್ಣವೇ ಕಪ್ಪು, ಆದ್ದರಿಂದ ಹದ ಕಣ್ಣಿಗೆ ಕಾಣದು, ಚಟಪಟ ನಿಂತು ಘಮ ಬಂದಾಗ ಇಳಿಸಬೇಕು. ಕ್ಷಣ ಮೀರಿದರೂ ಕಹಿ. ಶ್ರಾವಣದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟವರ ಮನೆಗೆ ಕಳಿಸುವಾಗ ಬೆಳ್ಳುಳ್ಳಿಯ ಬದಲು ಜೀರಿಗೆ ಎರಡರಷ್ಟು, ಚೂರು ಹುಣಸೆ. ಆ ಒಂದು ಕುಟ್ಟು ಮೊದಲು ಆಗಲಿ, ಬೆಳ್ಳುಳ್ಳಿಯ ಒರಳಲ್ಲಿ ಆಮೇಲೆ ಕುಟ್ಟಿದರೆ ಅವರ ವ್ರತವನ್ನು ನಾವೇ ಕೆಡಿಸಿದಂತೆ. ಕೊಡುವ ಮನೆಯ ನೇಮ ಕೇಳಿ ತಿಳಿದು ಮಾಡುವುದೂ ಈ ದಿನದ ಭಕ್ತಿಯ ಭಾಗವೇ. ಶೇಂಗಾ ಒಗ್ಗದ ಮಕ್ಕಳಿರುವ ಮನೆಗೂ ಇದೇ ಮಾತು.

ಉಂಡಿಗಳ ಕಥೆ ಬೇರೆಯೇ ಒಂದು ಪುರಾಣ, ಇಲ್ಲಿ ಎಳ್ಳುಂಡಿಯ ಪಾಕವೊಂದನ್ನೇ ಹೇಳಬಹುದು. ಕಾಲು ಕಿಲೋ ಎಳ್ಳಿಗೆ 200 ಗ್ರಾಂ ಬೆಲ್ಲ. ಪಾಕದ ಹನಿ ತಣ್ಣೀರಿಗೆ ಬಿದ್ದು ಗಟ್ಟಿ ಗುಂಡಾಗಿ, ತಟ್ಟೆಗೆ ಎಸೆದರೆ ಟಣ್ ಅನ್ನಬೇಕು. ಅದಕ್ಕೂ ಮುಂಚೆ ಇಳಿಸಿದರೆ ಉಂಡಿ ಹಲ್ಲಿಗೆ ಅಂಟುತ್ತದೆ, ದಾಟಿದರೆ ಕಹಿ ಬೆರೆತ ಕಲ್ಲು. ನಾಗಪ್ಪನ ಮುಂದಿಡುವ ಚಿಗಳಿಗೆ ಪಾಕದ ಗೊಡವೆಯಿಲ್ಲ. ಒಂದು ಬಟ್ಟಲು ಎಳ್ಳು, ಮುಕ್ಕಾಲು ಬಟ್ಟಲು ಬೆಲ್ಲ, ಏಲಕ್ಕಿ ಸೇರಿಸಿ ಎಳ್ಳೆಣ್ಣೆ ಬಿಡುವವರೆಗೆ ಕುಟ್ಟಿ ಉಂಡೆ ಕಟ್ಟಿದರಾಯಿತು. ಪಾಕಕ್ಕೆ ಹೆದರುವವರು ಇದರಿಂದ ಶುರು ಮಾಡಲಿ.

ಅಳ್ಳನ್ನೂ, ಅಂದರೆ ಜೋಳದ ಅರಳನ್ನೂ, ಹಿಂದಿನ ದಿನವೇ ಹುರಿದಿಡಬೇಕು. ಎಲ್ಲ ಜೋಳವೂ ಅರಳದು, ಅಳ್ಳಿನ ಜೋಳ ಎಂದು ಕೇಳಿಯೇ ತರಬೇಕು. ಕಾಳಿನೊಳಗಿನ ತೇವ ಉಗಿಯಾಗಿ ಸಿಡಿದರೆ ಅಳ್ಳು. ಅದಕ್ಕೆ ಕಾಳಿಗೆ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ರಾತ್ರಿಯಿಡೀ ಕಟ್ಟಿಟ್ಟು, ಮೇಲಿನ ಪಸೆ ಆರಿದ ಮೇಲೆ ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಆಡಿಸುವುದು. ಹೆಚ್ಚು ಹಾಕಿದರೆ ಬಿಸಿ ಇಳಿದು ಅರ್ಧದಷ್ಟು ಕಾಳು ಸುಮ್ಮನೆ ಕೆಂಪಾಗಿ ಉಳಿಯುತ್ತದೆ.

ಚೌತಿಯ ಎರೆಯುವಿಕೆಗೆ ಒಂದು ಚಿಕ್ಕ ಬಟ್ಟಲು ಹಾಲು ಸಾಕು. ಹಾವಿಗೆ ಹಾಲು ಆಹಾರವಲ್ಲ, ಹುತ್ತದ ಬಾಯಿಗೆ ಲೀಟರುಗಟ್ಟಲೆ ಸುರಿದರೆ ಒಳಗಿನ ಜೀವಕ್ಕೆ ಉಪದ್ರವ. ಹಾವಾಡಿಗರ ಬುಟ್ಟಿಯ ಹಾವಿಗೆ ಕುಡಿಸುವುದಂತೂ ಪಾಪವೇ ಸರಿ. ಕಲ್ಲಿನ ಮೇಲೋ ಮಣ್ಣಿನ ನಾಗಪ್ಪನ ಮೇಲೋ ಪಾಲಿಗೊಂದು ಹನಿ ಬಿದ್ದರೆ ಪೂಜೆಗೆ ಕೊರತೆಯಿಲ್ಲ. ಉಳಿದ ಹಾಲು ಮಕ್ಕಳಿಗೆ. ಮರುದಿನದ ಪಂಚಮಿಯನ್ನು ಬಸವ ಪಂಚಮಿ ಎಂದು ಕರೆದು ಶಾಲೆ, ಆಸ್ಪತ್ರೆಗಳಲ್ಲಿ ಹಾಲು ಹಂಚುವವರೂ ಇದ್ದಾರೆ. ಪಂಚಮಿಯ ನೈವೇದ್ಯ ಹೂರಣದ ಕಡಬು, ಉಗಿಯಲ್ಲಿ ಬೇಯಿಸಿದ್ದು. ಕಡಲೆಬೇಳೆ, ಬೆಲ್ಲ ಸಮಸಮ. ಹೂರಣದಲ್ಲಿ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗದಿದ್ದರೆ ಕಡಬು ಉಗಿಗೆ ಬಾಯಿ ಬಿಡುತ್ತದೆ. ಹಂಚಿಲ್ಲದ ದಿನಕ್ಕೆ ಕರಾವಳಿಯವರೂ ಅರಿಶಿನ ಎಲೆಯ ಕಡುಬನ್ನೇ ಹಿಡಿದಿದ್ದಾರೆ, ಅದರ ಪರಿಮಳದ ಮುಂದೆ ಬಯಲುಸೀಮೆಯವರು ಸೋಲೊಪ್ಪಲೇಬೇಕು.

ಕೊಡುವುದರಲ್ಲೂ ಕ್ರಮವಿದೆ. ಸೂತಕದ ಮನೆಯಲ್ಲಿ ಹಬ್ಬದ ಅಡುಗೆಯಿಲ್ಲ, ಆ ಮನೆಗೆ ಕೊಡುವ ಬುಟ್ಟಿ ಮೊದಲು ಹೊರಡಲಿ. ಒಬ್ಬರೇ ಇರುವ ಹಿರಿಯರಿಗೆ ಖಟಕ ಬೇಡ, ಮೆತ್ತನೆಯ ಎರಡು ರೊಟ್ಟಿ, ಖಾರ ಕಡಿಮೆಯ ಹೆಸರುಕಾಳು. ಬಂದ ಬುಟ್ಟಿಯನ್ನು ಬರಿದಾಗಿ ತಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಅಳ್ಳು, ಎರಡು ಉಂಡಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಗೆಳತಿಗೆ ಬಸ್ಸಿನಲ್ಲಿ ಕಳಿಸುವವರು ಪಲ್ಯದ ಆಸೆ ಬಿಡಿ. ಖಟಕ ರೊಟ್ಟಿಯ ಕಟ್ಟಿಗೆ ಮೇಲೆ ಕೆಳಗೆ ಗಟ್ಟಿ ರಟ್ಟು ಕೊಟ್ಟು, ಕಾಗದ ಸುತ್ತಿ, ಹೊರಗೆ ಪ್ಲಾಸ್ಟಿಕ್ ಚೀಲ. ಹಿಂಡಿ ಬೇರೆ ಡಬ್ಬಿಯಲ್ಲಿ. ಆರದ ರೊಟ್ಟಿಗೆ ಪ್ಲಾಸ್ಟಿಕ್ ತಾಗಿದರೆ ಎರಡೇ ದಿನಕ್ಕೆ ಬೂಸಲು.

ಹತ್ತು ಮನೆಯಿಂದ ಬಂದ ರೊಟ್ಟಿಯನ್ನು ಉಣ್ಣುವಾಗ ಮೊಳಕೆಕಾಳು ಅಂದೇ ಮುಗಿಸಿ, ಎಣ್ಣಿಗಾಯಿ ಮರುದಿನದ ಮಧ್ಯಾಹ್ನದವರೆಗೆ ತಡೆದೀತು, ಬೆಳ್ಳುಳ್ಳಿ ಹಿಂಡಿ ಒಣ ಚಮಚ ಬಳಸಿದರೆ ಎರಡು ವಾರಕ್ಕೆ ಮೋಸವಿಲ್ಲ. ಮೆತ್ತನೆಯ ರೊಟ್ಟಿ ಮೊದಲು, ಸಜ್ಜೆಯದು ಆಮೇಲೆ, ಖಟಕ ಕೊನೆಗೆ. ಮುರಿದ ಚೂರುಗಳಿಗೆ ಮಜ್ಜಿಗೆ ಚಿಮುಕಿಸಿ ಮೆತ್ತಗಾದ ಮೇಲೆ ತದಿಗೆಯ ರಾತ್ರಿಯೇ ಮಾಡಿಟ್ಟ ಒಗ್ಗರಣೆ ಬೆರೆಸಿದರೆ ಚೌತಿಯ ಮಧ್ಯಾಹ್ನಕ್ಕೆ ಹಂಚಿನ ಹಂಗಿಲ್ಲದ ಊಟ. ಯಾರ ಮನೆಯ ಹಿಂಡಿ ರುಚಿಯಾಗಿತ್ತೆಂದು ಅವರಿಗೇ ಹೇಳಿ ಅಳತೆ ಬರೆದುಕೊಳ್ಳಿ, ಎಲ್ಲರೆದುರು ಬೇಡ. ಉಳಿದ ಒಂಬತ್ತು ಮನೆಯವರೂ ಒರಳ ಮುಂದೆ ಕೂತವರೇ.