ಉಣ್ಣೆ ಚಾಡಿ ಹೇಳಿದ ದಿನ

ಉಣ್ಣೆ ಕತ್ತರಿಸುವ ಹಿಂದಿನ ಸಂಜೆ ಕುರಿಗಳಿಗೆ ಮೇವು ಹಾಕಬಾರದು. ಹೊಟ್ಟೆ ತುಂಬಿದ ಕುರಿಯನ್ನು ಅಂಡೂರಿ ಕೂರಿಸಿದರೆ ಆ ಭಾರವೆಲ್ಲ ಎದೆಗೆ ಒತ್ತುತ್ತದೆ. ಉಸಿರು ಕಟ್ಟಿದಂತಾಗಿ ಒದ್ದಾಡುತ್ತದೆ. ಜೊತೆಗೆ ಕತ್ತರಿಸುವ ಹಲಗೆ ತುಂಬ ಹಿಕ್ಕೆ. ಇದೆಲ್ಲ ನನಗೆ ಗೊತ್ತು, ಕುರಿಗಳಿಗೆ ಗೊತ್ತಿಲ್ಲ. ಹಾಗಾಗಿ ನನ್ನ 23 ಕುರಿಗಳೂ ಆ ರಾತ್ರಿಯೆಲ್ಲ ದೊಡ್ಡಿಯಿಂದ ನನ್ನನ್ನು ಬೈಯುತ್ತಲೇ ಇದ್ದವು. ಪಕ್ಕದ ಅಂಕಣಕ್ಕೆ ಕೂಡಿದ್ದ ಮರಿಗಳದ್ದು ಬೇರೆಯೇ ರಾಗ.

ಮಲಗಿದಲ್ಲಿಂದ ನಾನು ಆಕಾಶದ ಕಡೆಗೇ ಕಿವಿಕೊಟ್ಟಿದ್ದೆ. ಮಳೆ ಬಂದರೆ ಕೆಲಸ ಕೆಟ್ಟಂತೆ. ಒದ್ದೆ ಉಣ್ಣೆಯನ್ನು ಕತ್ತರಿಸಿ ಮೂಟೆ ಕಟ್ಟಿದರೆ ಒಳಗೇ ಬಿಸಿಯಾಗಿ, ಹಳದಿ ಹಿಡಿದು, ಮುಗ್ಗಲು ವಾಸನೆ ಬರುತ್ತದೆ. ಪುಣ್ಯಕ್ಕೆ ಹನಿ ಬೀಳಲಿಲ್ಲ. ಬೆಳಗ್ಗೆ ಕುರಿಯೊಂದರ ಬೆನ್ನಿನ ಉಣ್ಣೆ ಬಿಡಿಸಿ ಬೆರಳಿಟ್ಟು ನೋಡಿದೆ. ಬುಡದವರೆಗೂ ಒಣಗಿತ್ತು.

ಕತ್ತರಿಯವರು ಏಳಕ್ಕೆಲ್ಲ ಬಂದರು. ಮಾತು ಕಮ್ಮಿ, ಸೊಂಟನೋವು ಜಾಸ್ತಿ. ಮೆಷಿನ್ ಜೋಡಿಸಿ, ಹಲ್ಲಿಗೆ ಎಣ್ಣೆ ಬಿಟ್ಟು, ಮೊದಲ ಕುರಿಯನ್ನು ಹಿಡಿದು ಮೊಣಕಾಲ ನಡುವೆ ಕೂರಿಸಿಕೊಂಡರು. ನಾಲ್ಕು ಕಾಲೂ ನೆಲ ಬಿಟ್ಟ ಮೇಲೆ ಕುರಿ ತನ್ನ ಹಣೆಬರಹ ಒಪ್ಪಿಕೊಂಡಂತೆ ಸುಮ್ಮನಾಗಿಬಿಡುತ್ತದೆ. ಮೊದಲು ಹೊಟ್ಟೆಯ ಉಣ್ಣೆ. ಅದು ಕೊಳೆ, ಗಂಟು, ಅದನ್ನು ಬೇರೆ ಹಾಕಬೇಕು. ಆಮೇಲೆ ತೊಡೆ, ಪಕ್ಕೆ, ಬೆನ್ನು, ಕುತ್ತಿಗೆ. ನೋಡನೋಡುತ್ತ ಇಡೀ ಉಣ್ಣೆ ಒಂದೇ ಹಾಸಾಗಿ ಕಳಚಿ ಬೀಳುತ್ತದೆ. ಒಳಗಿಂದ ಎದ್ದು ಬರುವುದು ಅರ್ಧದಷ್ಟು ಗಾತ್ರದ, ಬಿಳಚಿಕೊಂಡ, ಸ್ವಲ್ಪ ನಾಚಿಕೊಂಡ ಹಾಗೆ ಕಾಣುವ ಇನ್ನೊಂದು ಪ್ರಾಣಿ. ನೀವು ಎಷ್ಟು ಸಲ ನೋಡಿದ್ದರೂ ನಗು ಬರುತ್ತದೆ.

ಕತ್ತರಿಸದೆ ಬಿಟ್ಟರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಉಣ್ಣೆಗಾಗಿ ಬೆಳೆಸಿದ ತಳಿಗಳ ಉಣ್ಣೆ ತಾನಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಮಂದೆ ತಪ್ಪಿ ವರ್ಷಗಟ್ಟಲೆ ಅಲೆದ ಒಂದು ಮೆರಿನೋ ಟಗರು ಸಿಕ್ಕಿತ್ತು. ಅದರ ಮೈಮೇಲಿಂದ ತೆಗೆದದ್ದು 41 ಕಿಲೋಗೂ ಜಾಸ್ತಿ ಉಣ್ಣೆ. ನನ್ನ ಒಂದೊಂದು ಕುರಿ ಕೊಡುವುದು ಮೂರು ಕಿಲೋ ಆಸುಪಾಸು. ಲೆಕ್ಕ ನೀವೇ ಹಾಕಿ.

ನನ್ನ ಕೆಲಸ ಮೇಜಿನ ಹತ್ತಿರ. ಹಲಗೆಯಿಂದ ಉಣ್ಣೆಯನ್ನು ಬಾಚಿ ತಂದು, ಬೆಡ್‌ಶೀಟ್ ಕೊಡವಿದ ಹಾಗೆ ಪಟ್ಟಿಮೇಜಿನ ಮೇಲೆ ಬೀಸಿ ಹರಡಬೇಕು. ತುಂಡು ಎಳೆಗಳು ಪಟ್ಟಿಯ ಸಂದಿಯಿಂದ ಕೆಳಗೆ ಉದುರುತ್ತವೆ. ಅಂಚಿನ ಹಿಕ್ಕೆ ಮೆತ್ತಿದ ಭಾಗ, ಮುಳ್ಳು ಸಿಕ್ಕಿದ ಭಾಗ ಕಿತ್ತು ಬಿಸಾಡಬೇಕು. ಹತ್ತು ಕುರಿ ಮುಗಿಯುವಷ್ಟರಲ್ಲಿ ಕೈಯೆಲ್ಲ ಜಿಡ್ಡು. ಆ ಜಿಡ್ಡೇ ಲ್ಯಾನೊಲಿನ್. ಅಂಗಡಿಯ ಕ್ರೀಮುಗಳಲ್ಲಿ ಇರುವುದೂ ಅದೇ. ವರ್ಷವಿಡೀ ಬಿರಿದಿರುವ ನನ್ನ ಅಂಗೈ ಮೆತ್ತಗಾಗುವುದು ಈ ಒಂದು ದಿನ ಮಾತ್ರ.

ಹನ್ನೊಂದರ ಹೊತ್ತಿಗೆ ನೂಲುವವರು ಬಂದರು. ಕೈರಾಟೆಯಲ್ಲಿ ನೂಲು ತೆಗೆಯುವ ಹೆಂಗಸು. ಪ್ರತಿ ವರ್ಷ ನನ್ನಲ್ಲಿ ಒಳ್ಳೆಯ ಉಣ್ಣೆ ಆರಿಸಿಕೊಂಡು ಹೋಗುತ್ತಾರೆ. ಅವರು ಬಣ್ಣ ನೋಡುವುದಿಲ್ಲ, ತೂಕ ಕೇಳುವುದಿಲ್ಲ. ಹಾಸಿನ ನಡುವಿನಿಂದ ಬೆರಳ ದಪ್ಪದ ಒಂದು ಕುಚ್ಚು ಎತ್ತುತ್ತಾರೆ. ಎರಡೂ ತುದಿ ಹಿಡಿದು, ಕಿವಿಯ ಪಕ್ಕ ತಂದು, ಪಟ್ಟಂತ ಜಗ್ಗುತ್ತಾರೆ. ಗಟ್ಟಿ ಉಣ್ಣೆ ಆದರೆ ತಂತಿ ಮೀಟಿದ ಹಾಗೆ ‘ಟಿಂಗ್’ ಅನ್ನುತ್ತದೆ. ಅವರು ತಲೆಯಾಡಿಸಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಟಿಂಗ್. ಟಿಂಗ್. ಟಿಂಗ್. ಆಮೇಲೆ ಹರಕುಕಿವಿಯ ಉಣ್ಣೆ ಬಂತು.

ಹರಕುಕಿವಿ ನನ್ನ ಹಳೇ ಕುರಿ. ಮರಿಯಾಗಿದ್ದಾಗ ಬೇಲಿ ತಂತಿಗೆ ಸಿಕ್ಕಿ ಎಡಗಿವಿ ಹರಿದಿತ್ತು, ಹೆಸರು ಹಾಗೇ ಉಳಿಯಿತು. ಅದರ ಉಣ್ಣೆ ಮಂದೆಯಲ್ಲೇ ಚಂದ. ನೂಲುವವರು ಕುಚ್ಚು ಎತ್ತಿ ಜಗ್ಗಿದರು. ‘ಚರ್‌ರ್’ ಅಂತು. ಕುಚ್ಚು ಎರಡು ತುಂಡಾಗಿ ಅವರ ಎರಡು ಕೈಯಲ್ಲಿ ಉಳಿಯಿತು.

ಇನ್ನೊಂದು ಎತ್ತಿದರು. ಮತ್ತೆ ಚರ್‌ರ್. ಅದೇ ಜಾಗದಲ್ಲಿ.

‘ಏನಾಗಿತ್ತು ಇದಕ್ಕೆ?’ ಅಂದರು.

‘ಜ್ವರ ಬಂದಿತ್ತು’ ಅಂದೆ. ಬಾಯಿಗೆ ಬಂದದ್ದು ಅದೇ.

ಅವರು ಮಾತಾಡಲಿಲ್ಲ. ಸಂಜೆ ಹೊತ್ತಿಗೆ ಮೇಜಿನ ಇನ್ನೊಂದು ಪಕ್ಕದಲ್ಲಿ ಬೇಡವಾದ ಆರು ಹಾಸು ಸೇರಿದ್ದವು. ಹೊರಡುವಾಗ ಅವುಗಳ ಕಡೆ ನೋಡಿ, ಸ್ವಲ್ಪ ನಗುತ್ತ ಕೇಳಿದರು. ‘ಆರಕ್ಕೂ ಜ್ವರಾನಾ?’

ಆ ಉಣ್ಣೆ ಹೇಳಿದ್ದು ಏನು ಅಂತ ಬಿಡಿಸಿ ಹೇಳಬೇಕು. ಒಂದು ಕುಚ್ಚು ಅಂದರೆ ಒಂದು ವರ್ಷದ ದಿನಚರಿ. ಬಿಸಿಲಿಗೆ ಸುಟ್ಟು, ಕೊಳೆ ಹಿಡಿದು ಚೂಪಾಗಿರುವ ತುದಿ ಎಲ್ಲಕ್ಕಿಂತ ಹಳೆಯದು. ಮೆಷಿನ್ ಕತ್ತರಿಸಿದ ಬುಡ ನಿನ್ನೆಯದು. ನನ್ನ ಕುರಿಗಳ ಉಣ್ಣೆ ವರ್ಷಕ್ಕೆ 12 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ತಿಂಗಳಿಗೆ ಒಂದು. ಕುರಿಗೆ ಹೊಟ್ಟೆಗೆ ಸಾಲದಿದ್ದಾಗಲೋ ಮೈ ಕೆಟ್ಟಾಗಲೋ ಚರ್ಮ ಉಣ್ಣೆಗೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಆ ದಿನಗಳಲ್ಲಿ ಬೆಳೆದ ಎಳೆ ತೆಳ್ಳಗಾಗುತ್ತದೆ. ಆಮೇಲೆ ಎಷ್ಟೇ ಚೆನ್ನಾಗಿ ಮೇಯಿಸಿ, ಆ ತೆಳು ಜಾಗ ಹಾಗೇ ಇರುತ್ತದೆ. ಬಾಚುವಾಗ ಅಲ್ಲೇ ಕಡಿದು, ನೂಲಿನಲ್ಲಿ ಬರೀ ಗಂಟುಗಂಟು.

ಹರಕುಕಿವಿಯ ಉಣ್ಣೆ ಕಡಿದದ್ದು ಬುಡದಿಂದ ನಾಲ್ಕು ಸೆಂಟಿಮೀಟರಿಗೆ. ನಾಲ್ಕು ತಿಂಗಳು. ಹಿಂದಕ್ಕೆ ಎಣಿಸಿದರೆ ಚಳಿಗಾಲದ ಕೊನೆ, ಕುರಿಗಳು ಈಯಲು ಇನ್ನು ಕೆಲವೇ ವಾರ. ಆಗ ಏನಾಯಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ವರ್ಷ ಶುರುವಾಗುವುದು ಟಗರು ಬಿಡುವ ದಿನದಿಂದ. ಹಗಲು ಚಿಕ್ಕದಾಗುತ್ತ ಬಂದ ಹಾಗೆ ಕುರಿಗಳಿಗೆ ಬೆದೆ. ಟಗರಿನ ಎದೆಗೆ ಬಣ್ಣ ಬಳಿದು ಬಿಡುತ್ತೇನೆ. ಯಾವ ಕುರಿಯ ಹಿಂಭಾಗಕ್ಕೆ ಬಣ್ಣ ಹತ್ತಿತೋ ಅದರ ತಾರೀಖು ಪುಸ್ತಕಕ್ಕೆ. ಬೆದೆ ಮರುಕಳಿಸುವುದು ಸುಮಾರು 17 ದಿನಕ್ಕೆ, ಆಗ ಟಗರಿಗೆ ಬೇರೆ ಬಣ್ಣ. ಹಳದಿಯ ಮೇಲೆ ನೀಲಿ ಬಿದ್ದರೆ ಮೊದಲ ಸಲ ಗಬ್ಬ ನಿಂತಿಲ್ಲ ಅಂತ ಅರ್ಥ. ನಿಂತರೆ ಅಲ್ಲಿಂದ 147 ದಿನ, ಎರಡು ಮೂರು ದಿನ ಆಚೀಚೆ. ಇಷ್ಟೊಂದು ಲೆಕ್ಕಾಚಾರ ಇಟ್ಟುಕೊಂಡವರು ಮೇವಿನ ಲೆಕ್ಕದಲ್ಲಿ ತಪ್ಪುತ್ತಾರಾ? ತಪ್ಪುತ್ತಾರೆ.

ಹುಲ್ಲಿನ ಕೊಟ್ಟಿಗೆಯ ಸೂರು ಒಂದು ಮೂಲೆಯಲ್ಲಿ ಸೋರುತ್ತಿತ್ತು. ನೋಡಿದ್ದೆ. ನಾಳೆ ನಾಳೆ ಅಂತ ಬಿಟ್ಟಿದ್ದೆ. ಒಂದು ದಿನ ಕೆಳಗಿನ ಕಟ್ಟು ಎಳೆದರೆ ಒಳಗೆಲ್ಲ ಬೂಷ್ಟು. ಬೂಷ್ಟು ಹಿಡಿದ ಹುಲ್ಲು ಗಬ್ಬದ ಕುರಿಗೆ ಹಾಕುವ ಹಾಗಿಲ್ಲ, ಕಂದು ಹಾಕಿಬಿಡಬಹುದು. ಕಾಲುಭಾಗ ಹುಲ್ಲು ತಿಪ್ಪೆ ಸೇರಿತು. ಹೊಸ ಹುಲ್ಲು ಬರಲು ಇನ್ನೂ ಸಮಯ ಇತ್ತು. ಸುಮ್ನೆ ದುಬಾರಿ ಮೇವು ಯಾಕೆ ತರೋದು, ಇದ್ದದ್ದನ್ನೇ ಎಳೆದು ಸಾಗಿಸೋಣ ಅಂದುಕೊಂಡೆ. ಸಂಜೆಯ ಪಾಲನ್ನು ಅರ್ಧ ಮಾಡಿದೆ. ಮೂರು ವಾರ ತಾನೇ.

ಆ ಮೂರು ವಾರವೇ ಬೇಕಿತ್ತಾ! ಹೊಟ್ಟೆಯ ಮರಿ ಮುಕ್ಕಾಲುಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಅವಳಿ ಇದ್ದರಂತೂ ಕುರಿಯ ಜಠರಕ್ಕೇ ಜಾಗ ಇರುವುದಿಲ್ಲ. ಜಾಸ್ತಿ ಬೇಕು, ಆದರೆ ಜಾಸ್ತಿ ತಿನ್ನಲು ಆಗುವುದಿಲ್ಲ. ಹಾಗಾಗಿ ಕೊಡುವ ಒಂದೊಂದು ಹಿಡಿಯಲ್ಲೂ ಕಸುವು ಇರಬೇಕು. ನಾನು ಮಾಡಿದ್ದು ಉಲ್ಟಾ.

ನಾನು ದಿನಾ ದೊಡ್ಡಿಗೆ ಹೋಗುತ್ತಿದ್ದೆ. ದಿನಾ ನೋಡುತ್ತಿದ್ದೆ. ಎಲ್ಲವೂ ದುಂಡುದುಂಡಗೆ ಕಾಣುತ್ತಿದ್ದವು. ಎಂಟು ತಿಂಗಳ ಉಣ್ಣೆ ಹೊದ್ದ ಕುರಿ ದುಂಡಗೆ ಕಾಣದೆ ಇನ್ನೇನು? ಕಣ್ಣಲ್ಲಿ ನೋಡಿದರೆ ಸಾಲದು. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಮೇಲೆ ಕೈಯಿಟ್ಟು ಬೆರಳು ಒತ್ತಿ ನೋಡಬೇಕು. ಮೂಳೆ ಗರಗಸದ ಹಾಗೆ ಕೈಗೆ ಹತ್ತಿದರೆ ಸೊರಗಿದೆ, ತಡಕಾಡಿದರೂ ಸಿಗದಿದ್ದರೆ ಕೊಬ್ಬಿದೆ. ಕುರಿ ಸಾಕುವವರು ಮೊದಲ ವರ್ಷವೇ ಕಲಿಯುವ ಪಾಠ ಇದು. ನನಗೂ ಬರುತ್ತಿತ್ತು. ಚಳಿಯಲ್ಲಿ ಕೈ ಹೊರಗೆ ತೆಗೆಯಲು ಸೋಮಾರಿತನ, ಅಷ್ಟೇ.

ಒಂದು ಬೆಳಗ್ಗೆ ಹರಕುಕಿವಿ ತೊಟ್ಟಿಯ ಹತ್ತಿರ ಬರಲಿಲ್ಲ. ಗೋಡೆಗೆ ತಲೆ ಆನಿಸಿ ನಿಂತಿತ್ತು. ಕರೆದರೆ ಕೇಳಿಸದ ಹಾಗೆ. ಹತ್ತಿರ ಹೋದಾಗ ಬಾಯಿಂದ ಹಣ್ಣು ಕಳಿತ ಹಾಗೆ ಸಿಹಿ ವಾಸನೆ. ಆಗ ಕೈಯಿಟ್ಟೆ. ಅಷ್ಟು ದಪ್ಪ ಉಣ್ಣೆಯ ಕೆಳಗೆ ಮೂಳೆ ಚುಚ್ಚಿತು.

ಪಶುವೈದ್ಯರು ಬಂದು ವಾಸನೆ ನೋಡಿದ ಕೂಡಲೇ ಹೇಳಿದರು. ಹೊಟ್ಟೆಯಲ್ಲಿ ಅವಳಿ ಇದೆ, ತಿನ್ನುವುದು ಸಾಲದೆ ತನ್ನ ಮೈಯ ಕೊಬ್ಬನ್ನೇ ವೇಗವಾಗಿ ಕರಗಿಸುತ್ತಿದೆ, ಅದರ ವಿಷ ತಲೆಗೇರುತ್ತಿದೆ ಅಂತ. ರಕ್ತಕ್ಕೆ ಗ್ಲೂಕೋಸ್ ಕೊಟ್ಟರು. ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ, ಬೇಗ ಕಸುವು ಕೊಡುವ ದ್ರವ ಕುಡಿಸುತ್ತಿರಲು ಹೇಳಿದರು. ಇನ್ನೊಂದು ದಿನ ತಡವಾಗಿದ್ದರೆ ಮಲಗಿಬಿಡುತ್ತಿತ್ತು, ಮಲಗಿದ್ದು ಏಳುವುದು ಕಷ್ಟ. ಎರಡು ರಾತ್ರಿ ಅಲ್ಲೇ ಹುಲ್ಲಿನ ಮೇಲೆ ಕೂತೆ. ಮೂರನೇ ದಿನ ಅದು ಒಂದು ಹಿಡಿ ಕಾಳು ತಿಂತು. ಅದೇ ದಿನ ಹೊಸ ಮೇವು ತರಿಸಿದೆ, ದುಬಾರಿಯದ್ದನ್ನೇ.

ಆರನೇ ದಿನ ಈಯಿತು. ಎರಡು ಮರಿ, ಸಣ್ಣವು, ಒಂದೊಂದೂ ಒದ್ದೆ ಕಾಲುಚೀಲದ ಹಾಗೆ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಹುಲ್ಲಿನಿಂದ ಮೈಯುಜ್ಜಿದೆ. ಗಿಣ್ಣುಹಾಲು ಮೊದಲ ಒಂದೆರಡು ಗಂಟೆಯೊಳಗೆ ಹೊಟ್ಟೆ ಸೇರಲೇಬೇಕು, ರೋಗ ತಡೆಯುವ ಶಕ್ತಿ ಮರಿಗೆ ಸಿಗುವುದೇ ಅದರಿಂದ. ಚಿಕ್ಕದಕ್ಕೆ ಕೆಚ್ಚಲು ಸಿಗಲಿಲ್ಲ. ತೊಡೆಯ ಉಣ್ಣೆಯನ್ನೇ ಚೀಪುತ್ತಿತ್ತು. ಹಿಡಿದು ಮೊಲೆಗೆ ಹಚ್ಚಿದೆ. ಅಂಟಿಕೊಂಡಿತು, ಬಾಲ ಅಲ್ಲಾಡಲು ಶುರುವಾಯಿತು. ಬಾಲ ಅಲ್ಲಾಡಿದರೆ ಹಾಲು ಇಳಿಯುತ್ತಿದೆ ಅಂತ ಲೆಕ್ಕ. ಆ ಬಾಲ ನೋಡುತ್ತ ನಾನು ಇಡೀ ವಿಷಯ ಮುಗಿಯಿತು ಅಂದುಕೊಂಡೆ. ಮೂರು ಜೀವವೂ ಉಳಿದಿತ್ತು, ಇನ್ನೇನು? ಪುಸ್ತಕದಲ್ಲಿ ‘ಅವಳಿ, ಕ್ಷೇಮ’ ಅಂತ ಬರೆದೆ. ಅರ್ಧ ಪಾಲಿನ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ. ಬೇರೆ ಕುರಿಗಳಿಗೆ ಏನೂ ಆಗಿಲ್ಲ ಅಂತ ಖಾತ್ರಿ ಇತ್ತು.

ಆಗಿತ್ತು. ನೂಲುವವರು ಹೋದ ಮೇಲೆ ಆ ಆರು ಹಾಸನ್ನೂ ಬಿಡಿಸಿ ಕೂತೆ. ಪ್ರತಿಯೊಂದರಿಂದ ಕುಚ್ಚು ಎತ್ತಿ ನಾನೇ ಜಗ್ಗಿದೆ. ನಾಲ್ಕು ಸೆಂಟಿಮೀಟರ್. ನಾಲ್ಕು. ನಾಲ್ಕೂಕಾಲು. ಪುಸ್ತಕ ತೆಗೆದು ನೋಡಿದರೆ ಆರೂ ಅವಳಿ ಈದ ಕುರಿಗಳು. ಉಳಿದ ಐದೂ ಕಾಯಿಲೆ ಬೀಳದೆ, ಗೋಡೆಗೆ ತಲೆ ಆನಿಸದೆ, ಯಾರಿಗೂ ಗೊತ್ತಾಗದ ಹಾಗೆ ತಮ್ಮ ಮೈಯಿಂದಲೇ ಮರಿಗಳಿಗೆ ಕೊಟ್ಟು ಮುಗಿಸಿದ್ದವು. ಅವು ಸೊರಗಿದ್ದನ್ನು ನನ್ನ ಕಣ್ಣಿಂದ ಮುಚ್ಚಿಟ್ಟಿದ್ದೂ ಉಣ್ಣೆಯೇ, ಈಗ ಹೋಗಿ ಚಾಡಿ ಹೇಳಿದ್ದೂ ಉಣ್ಣೆಯೇ. ಕೋಪ ಬಂತು, ಯಾರ ಮೇಲೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಆ ಆರು ಹಾಸಿನಲ್ಲಿ ನಾಲ್ಕನ್ನು ಸಸಿಗಳ ಬುಡಕ್ಕೆ ಹಾಸಿದೆ. ಉಣ್ಣೆ ತೇವ ಹಿಡಿದಿಡುತ್ತದೆ, ನಿಧಾನಕ್ಕೆ ಕೊಳೆತು ಸಾರಜನಕವನ್ನೂ ಕೊಡುತ್ತದೆ. ಎರಡನ್ನು ತೊಳೆದು ದಿಂಬಿಗೆ ಇಟ್ಟುಕೊಂಡೆ. ತೊಳೆಯುವುದೂ ಒಂದು ತಪಸ್ಸು. ಜಿಡ್ಡು ಬಿಡಲು ನೀರು ಚೆನ್ನಾಗಿ ಬಿಸಿ ಇರಬೇಕು, ಆದರೆ ಅದರಲ್ಲಿ ಕೈಯಾಡಿಸಿದರೆ ಉಣ್ಣೆ ಜಡೆಗಟ್ಟಿ ಕೆಡುತ್ತದೆ. ಸುಮ್ಮನೆ ಮುಳುಗಿಸಿ ಕಾಯಬೇಕು. ಆದರೆ ಅದೆಲ್ಲ ಆಮೇಲಿನ ವಾರದ ಮಾತು.

ಆ ಸಂಜೆ ಕತ್ತರಿಯವರು ಸೊಂಟ ಹಿಡಿದುಕೊಂಡು ಹೋದ ಮೇಲೆ ಮರಿಗಳನ್ನು ತಾಯಂದಿರ ಜೊತೆ ಬಿಟ್ಟೆ. ಗಲಾಟೆಯೋ ಗಲಾಟೆ. ಬೋಳುಮೈಯ ತಾಯಂದಿರ ಗುರುತು ಮರಿಗಳಿಗೆ ಸಿಗಲಿಲ್ಲ. ದನಿ ತಾಯಿಯದೇ, ಆಕಾರ ಬೇರೆ ಯಾರದೋ. ಹರಕುಕಿವಿಯ ದೊಡ್ಡ ಮರಿ ಅದರ ಮುಂದೆಯೇ ನಿಂತು ಅಮ್ಮನನ್ನು ಕೂಗಿತು. ಕೊನೆಗೆ ಮೂಗು ಹಚ್ಚಿ ವಾಸನೆ ನೋಡಿ ಕೆಚ್ಚಲಿಗೆ ನುಗ್ಗಿತು, ಚಿಕ್ಕದು ಅದರ ಹಿಂದೆ.

ನಾನು ಒಂದೊಂದೇ ಕುರಿಯ ಬೆನ್ನಿಗೆ ಕೈಯಿಡುತ್ತ ಹೋದೆ. ಉಣ್ಣೆ ಇಲ್ಲದೆ ಕೈಯಿಡುವುದೇ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಆದರೂ ಇಟ್ಟೆ. ಆರರಲ್ಲಿ ಐದು ಚೆನ್ನಾಗಿ ತುಂಬಿಕೊಂಡಿದ್ದವು. ಹರಕುಕಿವಿಯದ್ದು ಇನ್ನೂ ಸ್ವಲ್ಪ ಮೂಳೆಮೂಳೆ. ಅದು ಎರಡು ಕ್ಷಣ ನಿಂತಿತು, ಆಮೇಲೆ ನನ್ನ ಕೈ ಕೊಡವಿಕೊಂಡು, ಮರಿಗಳನ್ನೂ ಕೊಡವಿಕೊಂಡು, ತೊಟ್ಟಿಯ ಕಡೆ ನಡೆಯಿತು. ಮೂತಿ ಹಾಕಿ ನೋಡಿತು. ತಿರುಗಿ ನನ್ನ ಕಡೆ ನೋಡಿತು.

ತೊಟ್ಟಿ ಖಾಲಿ. ನಿನ್ನೆ ಸಂಜೆಯಿಂದ ಅವು ಏನೂ ತಿಂದಿರಲಿಲ್ಲ, ಈ ಉಣ್ಣೆಯ ಗಲಾಟೆಯಲ್ಲಿ ನಾನು ಅದನ್ನೇ ಮರೆತಿದ್ದೆ. ಹುಲ್ಲಿನ ಕೊಟ್ಟಿಗೆಗೆ ಓಡಿದೆ.